ವ್ಯಾಪಾರ ಪ್ರದರ್ಶನದ ಸಾಗಣೆ ಮತ್ತು ಸಿದ್ಧತೆ: ನಾಸಿಕ ಹಾಗೂ ಛತ್ರಪತಿ ಸಂಭಾಜಿನಗರ

ಉದ್ಯಮವೊಂದು ತನ್ನ ಯಂತ್ರ, ಬಿಡಿಭಾಗ, ಮಾದರಿ ಮತ್ತು ಸಿಬ್ಬಂದಿಯನ್ನು ಬೇರೊಂದು ಊರಿಗೆ ಒಯ್ದು, ಮೂರು ನಾಲ್ಕು ದಿನ ಗಿರಾಕಿಗಳೆದುರು ನಿಲ್ಲಿಸಿ, ಮತ್ತೆ ಕಾರ್ಖಾನೆಗೆ ಸುರಕ್ಷಿತವಾಗಿ ತಂದಿಳಿಸುವವರೆಗಿನ ಕೆಲಸಗಳೆಲ್ಲ ಪ್ರದರ್ಶನದ ಸಾಗಣೆ ವ್ಯವಸ್ಥೆಗೆ ಸೇರುತ್ತವೆ. ಮಳಿಗೆಯ ಅಲಂಕಾರ, ಕರಪತ್ರ, ಉದ್ಘಾಟನೆಗಳು ನೋಡುವವರ ಕಣ್ಣಿಗೆ ಬೀಳುತ್ತವೆ. ಲಾರಿ, ಬಿಲ್ಟಿ, ಕ್ರೇನು, ವಿದ್ಯುತ್ ಜೋಡಣೆ, ಹಮಾಲರು, ವಿಮೆ ಇವು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಉದ್ಘಾಟನೆಯ ಬೆಳಿಗ್ಗೆ ಯಂತ್ರ ಓಡುತ್ತದೆಯೇ ಇಲ್ಲವೇ ಎಂಬುದು ನಿರ್ಧಾರವಾಗುವುದು ಇವುಗಳಿಂದಲೇ.

ಬೆಂಗಳೂರಿನ ತುಮಕೂರು ರಸ್ತೆಯಲ್ಲಿರುವ ಬಿಐಇಸಿಯಂಥ ಶಾಶ್ವತ ಪ್ರದರ್ಶನ ಕೇಂದ್ರದಲ್ಲಿ ಗಟ್ಟಿ ನೆಲ, ಸೂರು, ಸಿದ್ಧ ವಿದ್ಯುತ್, ಸರಕು ಇಳಿಸುವ ಜಾಗ ಎಲ್ಲವೂ ಮೊದಲೇ ಇರುತ್ತವೆ. ಮಹಾರಾಷ್ಟ್ರದ ಈ ಎರಡು ನಗರಗಳ ಪ್ರದರ್ಶನಗಳು ಬಹುಮಟ್ಟಿಗೆ ಬಯಲಿನಲ್ಲಿ ತಾತ್ಕಾಲಿಕ ಹ್ಯಾಂಗರ್ ಎಬ್ಬಿಸಿ ನಡೆಯುವಂಥವು. ಸಭಾಂಗಣವೇ ನೋಡಿಕೊಳ್ಳುತ್ತಿದ್ದ ಹಲವು ಹೊಣೆಗಳು ಇಲ್ಲಿ ಮಳಿಗೆದಾರನ ಹೆಗಲೇರುತ್ತವೆ. ಇಲ್ಲಿಗೆ ಬರುವವನು ಮಳಿಗೆಯ ನಕ್ಷೆಗಿಂತ ಮೊದಲು ಮೈದಾನದ ನೆಲವನ್ನು ನೋಡಬೇಕು.

ನೆಲೆ

ಎರಡೂ ನಗರಗಳು ಮುಂಬೈ ಮತ್ತು ಪುಣೆಯ ನಂತರ ಬೆಳೆದ ಕೈಗಾರಿಕಾ ಕೇಂದ್ರಗಳು. ನಾಸಿಕದ ಸಾತಪುರ, ಅಂಬಡ್ ಮತ್ತು ಸಿನ್ನರ್ ವಸಾಹತುಗಳಲ್ಲಿ ವಾಹನ, ವಿದ್ಯುತ್ ಉಪಕರಣ ಹಾಗೂ ಎಂಜಿನಿಯರಿಂಗ್ ಕಾರ್ಖಾನೆಗಳಿವೆ. ಕನ್ನಡಿಗರಿಗೆ ಈ ಊರು ಅಪರಿಚಿತವಲ್ಲ. ಬೆಂಗಳೂರಿನ ಆಡುಗೋಡಿಯಲ್ಲಿ ಬೇರೂರಿದ ಮೈಕೊ, ಅಂದರೆ ಇಂದಿನ ಬಾಷ್, ಇಲ್ಲಿಯೂ ಕಾರ್ಖಾನೆ ಕಟ್ಟಿತು. ತ್ರ್ಯಂಬಕ ರಸ್ತೆಯಲ್ಲಿ ಮೈಕೊ ಸರ್ಕಲ್ ಎಂಬ ಹೆಸರು ಇನ್ನೂ ಉಳಿದಿದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಎಚ್‌ಎಎಲ್ 1964ರಲ್ಲಿ ಹತ್ತಿರದ ಓಝರ್‌ನಲ್ಲಿ ಮಿಗ್ ವಿಮಾನಗಳಿಗಾಗಿ ತೆರೆದ ಕಾರ್ಖಾನೆಯಿಂದ 2025ರ ಅಕ್ಟೋಬರ್ 17ರಂದು ತೇಜಸ್ ಮಾರ್ಕ್-1ಎ ಹಾರಿತು. ಅದಕ್ಕೆ ಬಿಡಿಭಾಗ ಪೂರೈಸಬಯಸುವ ಪೀಣ್ಯ, ಬೆಳಗಾವಿಯ ಸಣ್ಣ ಉದ್ಯಮಿಗೆ ನಾಸಿಕದಲ್ಲಿ ಮಳಿಗೆ ಹಾಕಲು ಇದು ಒಳ್ಳೆಯ ಕಾರಣ.

ಛತ್ರಪತಿ ಸಂಭಾಜಿನಗರಕ್ಕೆ 2023ರವರೆಗೆ ಔರಂಗಾಬಾದ್ ಎಂಬ ಹೆಸರಿತ್ತು. ವಾಳೂಜ್‌ನಲ್ಲಿ 1985ರಲ್ಲಿ ಬಜಾಜ್ ಆಟೊ ಕಾರ್ಖಾನೆ ಬಂದ ಮೇಲೆ ಅದರ ಸುತ್ತ ಬಿಡಿಭಾಗ ತಯಾರಕರ ದೊಡ್ಡ ಬಳಗವೇ ಹುಟ್ಟಿಕೊಂಡಿತು. ಚಿಕಲಠಾಣಾ, ಶೇಂದ್ರಾ, ಪೈಠಣ ವಸಾಹತುಗಳಲ್ಲಿ ಔಷಧ, ವಾಹನ ಮತ್ತು ಪ್ಯಾಕೇಜಿಂಗ್ ಉದ್ಯಮಗಳಿವೆ. ದೆಹಲಿ–ಮುಂಬೈ ಕೈಗಾರಿಕಾ ಕಾರಿಡಾರ್‌ನ ಭಾಗವಾಗಿ ಶೇಂದ್ರಾ ಮತ್ತು ಬಿಡಕೀನ್‌ಗಳಲ್ಲಿ ಸುಮಾರು 10,000 ಎಕರೆಯ ಔರಿಕ್ ನಗರ ಎದ್ದಿದೆ. ಅದರ ಆಡಳಿತ ಕಟ್ಟಡ ಔರಿಕ್ ಹಾಲ್ 2019ರ ಸೆಪ್ಟೆಂಬರ್ 7ರಂದು ಉದ್ಘಾಟನೆಯಾಯಿತು. ಬೆಂಗಳೂರಿನ ಏಥರ್ ಎನರ್ಜಿ ಮತ್ತು ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಎರಡೂ 2024ರಲ್ಲಿ ಹೊಸ ಕಾರ್ಖಾನೆಗೆ ಈ ಊರನ್ನೇ ಆರಿಸಿದವು. ಈ ಕಂಪನಿಗಳಿಗೆ ಕರ್ನಾಟಕದಲ್ಲಿ ಮಾಲು ಕೊಡುತ್ತಿರುವ ಸಣ್ಣ ಘಟಕಗಳು ಬಿಡಕೀನ್ ಕಡೆಗೆ ಈಗಲೇ ಕಣ್ಣು ಹಾಯಿಸಬೇಕು.

ಪ್ರದರ್ಶನಗಳನ್ನು ಮುಖ್ಯವಾಗಿ ಉದ್ಯಮಿಗಳ ಸಂಘಗಳೇ ನಡೆಸುತ್ತವೆ. ನಾಸಿಕದಲ್ಲಿ ನಿಮಾ ಮತ್ತು ಅಂಬಡ್‌ನ ಐಮಾ ಸಂಘಗಳು ‘ಇಂಡೆಕ್ಸ್’ ಹೆಸರಿನ ಕೈಗಾರಿಕಾ ಪ್ರದರ್ಶನಗಳನ್ನು ಏರ್ಪಡಿಸಿವೆ. ಕೃಷಿ ಕ್ಷೇತ್ರಕ್ಕೆ ‘ಕೃಷಿಥಾನ್’ ದೊಡ್ಡ ಹೆಸರು. ತ್ರ್ಯಂಬಕ ರಸ್ತೆಯ ಠಕ್ಕರ್ ಡೋಮ್ ಇಂಥವುಗಳ ಪರಿಚಿತ ತಾಣ. ಸಂಭಾಜಿನಗರದಲ್ಲಿ ಸಣ್ಣ ಉದ್ಯಮಿಗಳ ಸಂಘವಾದ ಮಸಿಯಾ ‘ಅಡ್ವಾಂಟೇಜ್ ಮಹಾರಾಷ್ಟ್ರ ಎಕ್ಸ್‌ಪೋ’ ನಡೆಸುತ್ತದೆ. 2024ರ ಜನವರಿಯ ಪ್ರದರ್ಶನ ಶೇಂದ್ರಾದ ಔರಿಕ್ ಬಯಲಿನಲ್ಲಿ ನಡೆಯಿತು. ನಗರದೊಳಗೆ ಚಿಕಲಠಾಣಾದ ಕಲಾಗ್ರಾಮವಿದೆ. ಕಲಾಗ್ರಾಮಕ್ಕೆ ಊರಿನ ಜನ ಸಂಜೆಯ ತಿರುಗಾಟಕ್ಕೂ ಬಂದಾರು. ಶೇಂದ್ರಾಕ್ಕೆ ಬರುವವರು ಬೇಕೆಂದೇ ಬಂದ ಗಿರಾಕಿಗಳು. ಎಷ್ಟು ಕರಪತ್ರ ಅಚ್ಚು ಹಾಕಿಸಬೇಕು, ಎಷ್ಟು ಜನರನ್ನು ಕರೆದೊಯ್ಯಬೇಕು ಎಂಬ ಲೆಕ್ಕವನ್ನು ಈ ಭೇದ ನೋಡಿಯೇ ಹಾಕಬೇಕು.

ನಾಸಿಕದ ಉದ್ಯಮಿಗಳು 2017ರಲ್ಲಿ ಇದನ್ನೇ ತಿರುಗಿಸಿ ನೋಡಿದರು. ಗಿರಾಕಿಯನ್ನು ನಾಸಿಕಕ್ಕೆ ಕರೆಯುವ ಬದಲು ‘ಮೇಕ್ ಇನ್ ನಾಸಿಕ್’ ಪ್ರದರ್ಶನವನ್ನು ಮುಂಬೈ ವರಳಿಯ ನೆಹರೂ ಕೇಂದ್ರಕ್ಕೆ ಒಯ್ದರು. ಬಂಡವಾಳ ಹೂಡುವವನು ಎಲ್ಲಿದ್ದಾನೋ ಅಲ್ಲಿಗೇ ಮಳಿಗೆ ಹೋಗಬೇಕೆಂಬುದು ಅದರ ತರ್ಕ. ಹುಬ್ಬಳ್ಳಿ, ಬೆಳಗಾವಿಯ ಸಂಘಗಳೂ ಅನುಸರಿಸಬಹುದಾದ ದಾರಿಯಿದು.

ಸರಕು ಹೊತ್ತು ಮಾರುಕಟ್ಟೆ ಹುಡುಕುವುದು ಈ ನಾಡಿಗೆ ಹೊಸತಲ್ಲ. ಕ್ರಿ.ಶ. ಮೊದಲ ಶತಮಾನದ ಗ್ರೀಕ್ ನೌಕಾ ಕೈಪಿಡಿ ‘ಪೆರಿಪ್ಲಸ್’ ಪೈಠಣವನ್ನು ಹೆಸರಿಸಿ, ಅದು ಭರೂಚ್ ಬಂದರಿಗೆ ಇಪ್ಪತ್ತು ದಿನದ ದಾರಿಯೆಂದೂ ಸರಕು ಬಂಡಿಗಳಲ್ಲಿ ಬರುತ್ತಿತ್ತೆಂದೂ ಹೇಳುತ್ತದೆ. ಎಷ್ಟು ದಿನದ ದಾರಿ, ಯಾವ ಬಂಡಿ ಎಂಬುದನ್ನು ಆ ನಾವಿಕ ಬರೆದಿಟ್ಟಂತೆಯೇ ಇಂದಿನ ಮಳಿಗೆದಾರನೂ ಬರೆದಿಟ್ಟುಕೊಳ್ಳಬೇಕು.

ಋತು

ಪ್ರದರ್ಶನದ ಕಾಲ ನವೆಂಬರ್‌ನಿಂದ ಫೆಬ್ರವರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಸಿಕದ ಬಯಲು ಮಳೆಗೆ ಒದ್ದೆ. ಏಪ್ರಿಲ್, ಮೇನಲ್ಲಿ ಸಂಭಾಜಿನಗರವಿರುವ ಮರಾಠವಾಡದ ಬಿಸಿಲು 40 ಡಿಗ್ರಿ ದಾಟುತ್ತದೆ, ಹ್ಯಾಂಗರಿನೊಳಗೆ ನಿಲ್ಲುವುದೇ ಕಷ್ಟ. ಚಳಿಗಾಲದಲ್ಲೂ ತೊಡಕುಗಳಿವೆ. ಅದೇ ತಿಂಗಳುಗಳಲ್ಲಿ ಮದುವೆಗಳು ನಡೆಯುವುದರಿಂದ ಮಂಟಪದವರು, ಜನರೇಟರು, ಹೋಟೆಲ್ ಕೋಣೆ ಎಲ್ಲಕ್ಕೂ ಪೈಪೋಟಿ. ಜನವರಿಯಿಂದ ನಾಸಿಕದಲ್ಲಿ ದ್ರಾಕ್ಷಿ ಕೊಯ್ಲು ಚುರುಕಾಗುತ್ತದೆ, ಲಾಸಲಗಾಂವ್ ಮಂಡಿಯ ಈರುಳ್ಳಿಗೂ ಲಾರಿ ಬೇಕು. ಮರಳುವ ಲಾರಿ ಅಗ್ಗಕ್ಕೆ ಸಿಗುತ್ತದೆಂದು ನಂಬಿ ಹೋಗುವುದು ಜಾಣತನವಲ್ಲ. ನಾಸಿಕದ ಚಳಿಯಲ್ಲಿ ರಾತ್ರಿ ಬಯಲಿನ ಹ್ಯಾಂಗರಿನಲ್ಲಿ ನಿಂತ ಯಂತ್ರದ ಮೇಲೆ ಇಬ್ಬನಿ ಕೂರುತ್ತದೆ. ಹೊಳಪು ಕೊಟ್ಟ ಉಕ್ಕಿನ ಭಾಗಗಳಿಗೆ ಪ್ರತಿ ಸಂಜೆ ತುಕ್ಕು ನಿರೋಧಕ ಎಣ್ಣೆ ಸವರಿ ಹೊದಿಕೆ ಹಾಕದಿದ್ದರೆ ಎರಡನೆಯ ದಿನಕ್ಕೇ ಕಂದು ಕಲೆ ಕಾಣಿಸುತ್ತದೆ.

ಸ್ಥಳೀಯ ಪಂಚಾಂಗವನ್ನೂ ನೋಡಬೇಕು. ಸೆಪ್ಟೆಂಬರ್ 17ನ್ನು ಕಲ್ಯಾಣ ಕರ್ನಾಟಕದಂತೆಯೇ ಮರಾಠವಾಡವೂ ವಿಮೋಚನಾ ದಿನವಾಗಿ ಆಚರಿಸುತ್ತದೆ. 1948ರವರೆಗೆ ಎರಡೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ನಾಸಿಕದ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಸಂಗತಿ ಸಿಂಹಸ್ಥ ಕುಂಭಮೇಳ. ಪ್ರಕಟಿತ ವೇಳಾಪಟ್ಟಿಯಂತೆ 2026ರ ಅಕ್ಟೋಬರ್ 31ರಂದು ಧ್ವಜಾರೋಹಣ, 2027ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಅಮೃತ ಸ್ನಾನಗಳು. ಈ ಅವಧಿಯಲ್ಲಿ ನಾಸಿಕದಲ್ಲಿ ಮಳಿಗೆ ಹಾಕುವವರು ವಸತಿ ಮತ್ತು ಲಾರಿ ಪ್ರವೇಶದ ಸಮಯ ಎರಡನ್ನೂ ಮೊದಲೇ ಖಚಿತಪಡಿಸಿಕೊಳ್ಳಬೇಕು.

ದಾರಿ

ಕರ್ನಾಟಕದಿಂದ ಈ ಎರಡು ನಗರಗಳಿಗೆ ದಾರಿಗಳು ಬೇರೆ ಬೇರೆ. ನಾಸಿಕಕ್ಕೆ ಹೋಗುವ ಲಾರಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಳಗಾವಿ, ನಿಪ್ಪಾಣಿ, ಕೊಲ್ಹಾಪುರ ದಾಟಿ ಪುಣೆ ಸೇರಿ, ಚಾಕಣ್, ಸಂಗಮನೇರ್, ಸಿನ್ನರ್ ಮೂಲಕ ಸಾಗುತ್ತದೆ. ಪುಣೆ ಮತ್ತು ಚಾಕಣ್‌ಗಳ ದಟ್ಟಣೆಯಲ್ಲಿ ಅರ್ಧ ದಿನ ಕಳೆದುಹೋಗುವುದುಂಟು. ಆ ಅರ್ಧ ದಿನವನ್ನು ಲೆಕ್ಕದಲ್ಲಿ ಇಟ್ಟುಕೊಂಡೇ ಹೊರಡಬೇಕು. ಸಂಭಾಜಿನಗರಕ್ಕಾದರೆ ಅಂಕೋಲಾದಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 52 ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರ, ಧಾರಾಶಿವ, ಬೀಡ್ ಮೂಲಕ ನೇರ ಊರೊಳಗೇ ತಲುಪಿಸುತ್ತದೆ. ಉತ್ತರ ಕರ್ನಾಟಕದ ಉದ್ಯಮಿಗೆ ಮೊದಲ ಪ್ರಯತ್ನಕ್ಕೆ ನಾಸಿಕಕ್ಕಿಂತ ಸಂಭಾಜಿನಗರ ಸುಲಭ ಎನ್ನಲು ಈ ಒಂದು ರಸ್ತೆಯೇ ಸಾಕು.

ಎರಡು ನಗರಗಳ ನಡುವಿನ ಓಡಾಟವನ್ನು ಬದಲಿಸಿದ್ದು 701 ಕಿ.ಮೀ. ಉದ್ದದ ಮುಂಬೈ–ನಾಗಪುರ ಸಮೃದ್ಧಿ ಮಹಾಮಾರ್ಗ. ನಾಗಪುರ–ಶಿರಡಿ ಭಾಗ 2022ರ ಡಿಸೆಂಬರ್ 11ರಂದು ತೆರೆಯಿತು. ಇಗತಪುರಿ–ಆಮಣೆ ನಡುವಿನ ಕೊನೆಯ 76 ಕಿ.ಮೀ. 2025ರ ಜೂನ್ 5ರಂದು ಸೇರಿತು. ಇಗತಪುರಿ ಬಳಿಯ ಸುಮಾರು 8 ಕಿ.ಮೀ. ಸುರಂಗದಿಂದಾಗಿ ಮುಂಬೈ ಬಂದರಿನಿಂದ ಬರುವ ಸರಕಿಗೆ ಹಳೆಯ ಕಸಾರಾ ಘಾಟಿ ಹತ್ತುವ ಅನಿವಾರ್ಯ ತಪ್ಪಿತು. ಹೀಗಾಗಿ ಒಂದೇ ಲಾರಿಯಲ್ಲಿ ಒಂದೇ ಸೆಟ್ ಯಂತ್ರಗಳನ್ನು ತಂದು, ಹತ್ತಿರದ ದಿನಾಂಕಗಳಲ್ಲಿ ಎರಡೂ ನಗರಗಳಲ್ಲಿ ಮಳಿಗೆ ಹಾಕುವುದು ಈಗ ಸಾಧ್ಯವಾಗಿದೆ. ಆಗ ಹೋಗಿಬರುವ ಬಾಡಿಗೆ ಎರಡು ಪ್ರದರ್ಶನಗಳಿಗೆ ಹಂಚಿಹೋಗುತ್ತದೆ.

ಸಿಬ್ಬಂದಿಗೆ ರೈಲಾದರೆ ಮನಮಾಡ್ ಮುಖ್ಯ ಜಂಕ್ಷನ್. ಬೆಂಗಳೂರಿನಿಂದ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಕಲಬುರಗಿ, ಸೊಲ್ಲಾಪುರ, ದೌಂಡ್ ದಾಟಿ ಇಲ್ಲಿಗೆ ಬರುತ್ತದೆ. ಇಲ್ಲಿಂದ ಒಂದು ಮಾರ್ಗ ನಾಸಿಕ ರೋಡ್‌ಗೆ, ಇನ್ನೊಂದು ಸಂಭಾಜಿನಗರಕ್ಕೆ.

ಲಾರಿ ಆಯ್ಕೆಯಲ್ಲಿ ಎರಡು ಬಗೆ. ಪಾರ್ಸೆಲ್ ಕಂಪನಿಯಲ್ಲಿ ಪಾರ್ಟ್ ಲೋಡ್ ಬುಕ್ ಮಾಡುವುದು ಅಗ್ಗ. 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಹುಟ್ಟಿ ಹುಬ್ಬಳ್ಳಿಯಲ್ಲಿ ನೆಲೆನಿಂತ ವಿಆರ್‌ಎಲ್ ಬೆಳೆದದ್ದು ಈ ಬಗೆಯ ಸಾಗಣೆಯಿಂದಲೇ. ಆದರೆ ಪಾರ್ಟ್ ಲೋಡ್ ಸರಕು ನಡುವಿನ ಗೋದಾಮುಗಳಲ್ಲಿ ಇಳಿದು ಹತ್ತುತ್ತದೆ; ಪ್ರತಿ ಇಳಿತವೂ ಒಂದು ಪೆಟ್ಟಿಗೆ ಒಡೆಯುವ ಅಥವಾ ಹಿಂದೆ ಉಳಿಯುವ ಅವಕಾಶ. ಕರಪತ್ರ, ಮಾದರಿ, ಬ್ಯಾನರುಗಳಿಗೆ ಅದು ಸಾಕು. ಯಂತ್ರಕ್ಕೆ ಬಾಗಿಲಿನಿಂದ ಬಾಗಿಲಿಗೆ ಹೋಗುವ ಫುಲ್ ಲೋಡ್ ಲಾರಿಯೇ ಸರಿ. ಯಂತ್ರವನ್ನು ತೆರೆದ ಲಾರಿಯಲ್ಲಿ ಸಾಗಿಸುವುದೇ ಅನುಕೂಲ, ಏಕೆಂದರೆ ಮುಚ್ಚಿದ ಕಂಟೇನರಿನೊಳಗಿನ ಭಾರವನ್ನು ಮೇಲಿನಿಂದ ಕ್ರೇನು ಎತ್ತಲಾರದು. ಮೈದಾನದಲ್ಲಿ ಹೈಡ್ರಾ ಕ್ರೇನು ಇದೆಯೋ ಬರೀ ಫೋರ್ಕ್‌ಲಿಫ್ಟ್ ಇದೆಯೋ ಎಂದು ಕೇಳದೆ ಲಾರಿ ಗೊತ್ತುಮಾಡಬಾರದು.

ಕಾಗದಪತ್ರ

ತೋರಿಸಲು ಮಾತ್ರ ಒಯ್ಯುವ ಸರಕು ಜಿಎಸ್‌ಟಿ ಪ್ರಕಾರ ಮಾರಾಟವಲ್ಲ. ಆದ್ದರಿಂದ ತೆರಿಗೆ ಬಿಲ್ ಬೇಡ, ಡೆಲಿವರಿ ಚಲನ್ ಬೇಕು. ಸಿಜಿಎಸ್‌ಟಿ ನಿಯಮ 55ರಂತೆ ಮೂರು ಪ್ರತಿ: ಮೊದಲನೆಯದು ಸರಕು ಪಡೆಯುವವರಿಗೆ, ಎರಡನೆಯದು ಸಾಗಣೆದಾರರಿಗೆ, ಮೂರನೆಯದು ಕಳಿಸಿದವರಿಗೆ. ಅಂತರರಾಜ್ಯ ಸಾಗಣೆಯಲ್ಲಿ ಸರಕಿನ ಮೌಲ್ಯ 50,000 ರೂ. ಮೀರಿದರೆ ಇ-ವೇ ಬಿಲ್ ಕಡ್ಡಾಯ. ಅದರಲ್ಲಿ ‘ಪ್ರದರ್ಶನ ಅಥವಾ ಮೇಳ’ ಎಂಬ ಪ್ರತ್ಯೇಕ ಕಾರಣವನ್ನೇ ಆರಿಸುವ ಅವಕಾಶವಿದೆ. 2021ರ ಜನವರಿ 1ರಿಂದ ಪ್ರತಿ 200 ಕಿ.ಮೀ. ಅಥವಾ ಅದರ ಭಾಗಕ್ಕೆ ಒಂದು ದಿನದ ಮಾನ್ಯತೆ. ಹುಬ್ಬಳ್ಳಿಯಿಂದ ಸಂಭಾಜಿನಗರದ ಸುಮಾರು 600 ಕಿ.ಮೀ.ಗೆ ಮೂರ್ನಾಲ್ಕು ದಿನ ಸಿಗುತ್ತದೆ. ಆದರೆ ಲಾರಿಯ ಅಳತೆ ಮೀರುವ ಭಾರಿ ಸರಕಿಗೆ 20 ಕಿ.ಮೀ.ಗೆ ಒಂದು ದಿನವೆಂಬ ಬೇರೆ ಲೆಕ್ಕ. ದಾರಿಯಲ್ಲಿ ಕೆಟ್ಟು ನಿಂತರೆ ಅವಧಿ ಮುಗಿಯುವ 8 ಗಂಟೆ ಮೊದಲಿಂದ 8 ಗಂಟೆ ನಂತರದವರೆಗೆ ವಿಸ್ತರಿಸಿಕೊಳ್ಳಬಹುದು.

ಮಳಿಗೆಯಲ್ಲೇ ಮಾರುವುದಾದರೆ ವಿಷಯವೇ ಬೇರೆ. ಕರ್ನಾಟಕದಲ್ಲಿ ಮಾತ್ರ ನೋಂದಣಿಯಿರುವ ಉದ್ಯಮ ಮಹಾರಾಷ್ಟ್ರದ ಮೈದಾನದಲ್ಲಿ ಸರಕು ಮಾರಿದರೆ ಅಲ್ಲಿ ‘ಸಾಂದರ್ಭಿಕ ತೆರಿಗೆದಾರ’ ಎಂದು ತಾತ್ಕಾಲಿಕ ನೋಂದಣಿ ಪಡೆಯಬೇಕು. ವ್ಯಾಪಾರ ಆರಂಭಿಸುವ ಕನಿಷ್ಠ 5 ದಿನ ಮೊದಲು ಅರ್ಜಿ, ಅಂದಾಜು ತೆರಿಗೆ ಮುಂಗಡ ಠೇವಣಿ; ಮಾನ್ಯತೆ 90 ದಿನ, ಬೇಕಾದರೆ ಇನ್ನೂ 90 ದಿನ. ಕರಕುಶಲ ವಸ್ತುಗಳ ಅಂತರರಾಜ್ಯ ಮಾರಾಟಕ್ಕೆ ನಿಗದಿತ ವಹಿವಾಟಿನವರೆಗೆ ಈ ನೋಂದಣಿಯಿಂದ ವಿನಾಯಿತಿಯಿದೆ. ಇಳಕಲ್ ಸೀರೆ, ಬಿದರಿ, ಚನ್ನಪಟ್ಟಣದ ಗೊಂಬೆ ಒಯ್ಯುವವರು ತಮ್ಮ ವಸ್ತು ಅಧಿಸೂಚನೆಯ ಪಟ್ಟಿಯಲ್ಲಿದೆಯೇ ಎಂದು ಲೆಕ್ಕಪರಿಶೋಧಕರಲ್ಲಿ ವಿಚಾರಿಸಿಕೊಳ್ಳಲಿ. ಯಂತ್ರ ತಯಾರಕರಿಗೆ ಸರಳ ದಾರಿಯೆಂದರೆ ಮೈದಾನದಲ್ಲಿ ಆದೇಶ ಮಾತ್ರ ಪಡೆದು, ಬಿಲ್ ಮತ್ತು ಮಾಲನ್ನು ಕಾರ್ಖಾನೆಯಿಂದ ಕಳಿಸುವುದು.

ವಿಮೆಯ ವಿಷಯದಲ್ಲಿ ಸಣ್ಣ ಉದ್ಯಮಿಗಳು ತೋರುವ ಉದಾಸೀನ ಕಳವಳ ಹುಟ್ಟಿಸುವಂಥದು. ‘ಲಾರಿಯವರು ನೋಡಿಕೊಳ್ಳುತ್ತಾರೆ’ ಎಂಬ ಮಾತಿಗೆ ಕಾನೂನಿನ ಬಲ ಬಹಳ ಕಡಿಮೆ. 2007ರ ರಸ್ತೆ ಸಾಗಣೆ ಕಾಯಿದೆ ಮತ್ತು ಅದರ 2011ರ ನಿಯಮಗಳ ಪ್ರಕಾರ, ಸರಕಿನ ಹೆಚ್ಚಿನ ಮೌಲ್ಯವನ್ನು ಮೊದಲೇ ಘೋಷಿಸದಿದ್ದರೆ ಸಾಗಣೆದಾರರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. 20,000 ರೂ. ಬಾಡಿಗೆಗೆ ಹೋದ 20 ಲಕ್ಷದ ಯಂತ್ರ ಉರುಳಿಬಿದ್ದರೆ ಸಿಗುವುದು ಹೆಚ್ಚೆಂದರೆ 2 ಲಕ್ಷ. ದಾವೆ ಹೂಡುವುದಿದ್ದರೆ ಬುಕಿಂಗ್ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಹೋಗುವ ದಾರಿ, ಮೈದಾನದ ದಿನಗಳು, ಮರಳುವ ದಾರಿ ಮೂರನ್ನೂ ಒಳಗೊಂಡ ವಿಮೆ ತೆಗೆದುಕೊಂಡೇ ಯಂತ್ರ ಎತ್ತಬೇಕು.

ಮೈದಾನದಲ್ಲಿ

ಮಳಿಗೆಯಲ್ಲಿ ಎರಡು ಬಗೆ. ಶೆಲ್ ಸ್ಕೀಮ್ ಎಂದರೆ ಅಲ್ಯುಮಿನಿಯಂ ಚೌಕಟ್ಟಿನ ಗೋಡೆ, ಹೆಸರಿನ ಫಲಕ, ಮೇಜು ಕುರ್ಚಿ, ಒಂದೆರಡು ದೀಪ, ಒಂದು ಪ್ಲಗ್ ಪಾಯಿಂಟ್ ಇರುವ ಸಿದ್ಧ ಕೋಣೆ. ಸಾಮಾನ್ಯ ಅಳತೆ 3 ಮೀ. × 3 ಮೀ. ಬೇರ್ ಸ್ಪೇಸ್ ಎಂದರೆ ಬರೀ ಜಾಗ. ನೆಲಹಾಸಿನಿಂದ ದೀಪದವರೆಗೆ ಎಲ್ಲ ಮಳಿಗೆದಾರನದೇ. ಓಡುವ ಯಂತ್ರವಿದ್ದರೆ ಬೇರ್ ಸ್ಪೇಸ್, ಬಿಡಿಭಾಗ ಮತ್ತು ಸೇವೆಗಳಿಗೆ ಶೆಲ್ ಸ್ಕೀಮ್ ಸಾಕು. ಮೊದಲ ಸಲ ಬರುವವರು ಮೂಲೆ ಮಳಿಗೆಗೆ ಹೆಚ್ಚುವರಿ ಹಣ ತೆತ್ತು ಸಾಗಣೆಯಲ್ಲಿ ಕೈ ಬಿಗಿಹಿಡಿಯುವುದುಂಟು, ಇದು ತಿರುಗುಮುರುಗಾಗಬೇಕು.

ನೆಲವೇ ಇಲ್ಲಿನ ದೊಡ್ಡ ಪರೀಕ್ಷೆ. ದಖ್ಖನಿನ ಈ ಭಾಗದಲ್ಲಿ ಕಪ್ಪು ಎರೆಮಣ್ಣು ಹರಡಿದೆ. ವಿಜಯಪುರ, ಗದಗದ ಹೊಲಗಳನ್ನು ಬಲ್ಲವರಿಗೆ ಅದರ ಗುಣ ಗೊತ್ತು: ಒಣಗಿದಾಗ ಬಿರಿಯುತ್ತದೆ, ನೆಂದರೆ ಉಬ್ಬಿ ಚಕ್ರ ನುಂಗುತ್ತದೆ. ಅಕಾಲಿಕ ಮಳೆ ಒಂದು ರಾತ್ರಿ ಬಿದ್ದರೂ ಮುರುಮ್ (ಗರಸು ಮಣ್ಣು) ಹಾಕದ ದಾರಿಯಲ್ಲಿ ಕ್ರೇನು ಹೂತುಕೊಳ್ಳುತ್ತದೆ. ಮರದ ಹಲಗೆ ಹಾಸಿ ಮೇಲೆ ಕಾರ್ಪೆಟ್ ಬಿಡಿಸಿದ ನೆಲ ನೋಡಲು ಚೆಂದ, ಎರಡು ಮೂರು ಟನ್ನಿನ ಯಂತ್ರವನ್ನು ಮಟ್ಟವಾಗಿ ಹೊರುವ ಶಕ್ತಿ ಅದಕ್ಕಿಲ್ಲ. ಭಾರದ ಯಂತ್ರಕ್ಕೆ ಹಲಗೆ ಕತ್ತರಿಸಿ, ಕೆಳಗೆ ದಪ್ಪ ಉಕ್ಕಿನ ತಗಡು ಅಥವಾ ಕಾಂಕ್ರೀಟು ಹಾಸು ಕೊಡಬೇಕು. ಇದನ್ನು ಸಂಘಟಕರಿಗೆ ಯಂತ್ರದ ತೂಕ, ಪಾದಗಳ ಅಳತೆ ಸಹಿತ ಬರೆದು ತಿಳಿಸಿ, ಭಾರದ ಯಂತ್ರಗಳು ಮೊದಲು ಒಳಬಂದು ಹಗುರ ಮಳಿಗೆಗಳು ನಂತರ ಏಳುವಂತೆ ಸರದಿ ಪಡೆಯಬೇಕು. ಸರದಿ ತಪ್ಪಿದರೆ ಎದ್ದುನಿಂತ ಗೋಡೆಗಳ ನಡುವೆ ಫೋರ್ಕ್‌ಲಿಫ್ಟ್ ತಿರುಗಲಾರದು.

ವಿದ್ಯುತ್ತು ಮಹಾರಾಷ್ಟ್ರದ ವಿತರಣಾ ಕಂಪನಿಯಾದ ಮಹಾವಿತರಣದ ತಾತ್ಕಾಲಿಕ ಸಂಪರ್ಕದಿಂದಲೋ ಜನರೇಟರಿನಿಂದಲೋ ಬರುತ್ತದೆ. ಎಷ್ಟು ಕಿಲೋವಾಟ್, ಸಿಂಗಲ್ ಫೇಸೋ ತ್ರೀ ಫೇಸೋ ಎಂಬುದನ್ನು ಅರ್ಜಿಯಲ್ಲೇ ಬರೆಯಬೇಕು. ಮೋಟಾರು ಚಾಲೂ ಆಗುವಾಗ ಎಳೆಯುವ ವಿದ್ಯುತ್ ಓಡುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚೆಂಬುದು ಬಹಳ ಅರ್ಜಿಗಳಲ್ಲಿ ಕಾಣುವುದಿಲ್ಲ. ಸಿಎನ್‌ಸಿ ಯಂತ್ರಕ್ಕೆ ಸ್ವಂತ ಸ್ಟೆಬಿಲೈಜರ್, ಗಾಳಿ ಬೇಕಾದರೆ ಸ್ವಂತ ಕಂಪ್ರೆಸರ್, ಬಯಲಿನ ಧೂಳಿಗೆ ಎಲೆಕ್ಟ್ರಿಕಲ್ ಪ್ಯಾನೆಲ್‌ನ ಹೆಚ್ಚುವರಿ ಫಿಲ್ಟರ್ ಜೊತೆಗಿರಲಿ.

ಇಳಿಸುವ ಕೆಲಸಕ್ಕೆ ಮಹಾರಾಷ್ಟ್ರದಲ್ಲಿ ಬೇರೆ ಕಾಯಿದೆಯಿದೆ. 1969ರ ಮಾಥಾಡಿ, ಹಮಾಲ ಕಾರ್ಮಿಕರ ಕಾಯಿದೆಯಡಿ ಹೊರೆ ಹೊರುವವರು ಮಂಡಳಿಗಳಲ್ಲಿ ನೋಂದಾಯಿತರು. ಕೂಲಿಯ ಜೊತೆ ಅವರ ಕ್ಷೇಮಕ್ಕಾಗಿ ಲೆವಿಯೂ ಸಲ್ಲುತ್ತದೆ. ಬೆನ್ನು ಸವೆಸಿ ದುಡಿಯುವವರಿಗೆ ನಿವೃತ್ತಿ ಮತ್ತು ಆರೋಗ್ಯದ ಆಸರೆ ಕೊಟ್ಟ ಈ ಕಾನೂನು ಗೌರವಕ್ಕೆ ಅರ್ಹವಾದದ್ದು. ಊರಿನಿಂದ ಹಮಾಲರನ್ನು ಕರೆತಂದು ಗೇಟಿನಲ್ಲಿ ವಾದಕ್ಕಿಳಿಯುವ ಬದಲು, ಮೈದಾನದಲ್ಲಿ ಯಾರು ಇಳಿಸುತ್ತಾರೆ, ದರವೇನು ಎಂಬುದನ್ನು ಸಂಘಟಕರಿಂದ ಬರಹದಲ್ಲಿ ಪಡೆಯುವುದು ಮೇಲು.

ಬೆಂಕಿಯ ಬಗ್ಗೆ ನಿಂತು ಹೇಳಬೇಕು. 2006ರ ಏಪ್ರಿಲ್ 10ರಂದು ಮೀರತ್‌ನ ವಿಕ್ಟೋರಿಯಾ ಪಾರ್ಕಿನಲ್ಲಿ ಗೃಹೋಪಯೋಗಿ ವಸ್ತುಗಳ ಪ್ರದರ್ಶನದ ಹ್ಯಾಂಗರಿಗೆ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ಸತ್ತರು. 2022ರಲ್ಲಿ ಸುಪ್ರೀಂ ಕೋರ್ಟ್ ಹೊಣೆಯನ್ನು ಸಂಘಟಕರಿಗೆ ಶೇ. 60, ರಾಜ್ಯಕ್ಕೆ ಶೇ. 40 ಎಂದು ಹಂಚಿದ್ದನ್ನು ಎತ್ತಿಹಿಡಿಯಿತು. ಔರಂಗಾಬಾದಿನಲ್ಲೇ 2016ರ ಅಕ್ಟೋಬರ್ 29ರಂದು ಜಿಲ್ಲಾ ಪರಿಷತ್ ಮೈದಾನದಲ್ಲಿ ಸಾಲಾಗಿ ಹಾಕಿದ್ದ ನೂರಕ್ಕೂ ಹೆಚ್ಚು ಪಟಾಕಿ ಮಳಿಗೆಗಳು ಸುಟ್ಟುಹೋದವು. 2019ರ ಏರೋ ಇಂಡಿಯಾದ ವಾಹನ ನಿಲುಗಡೆಯಲ್ಲಿ ಒಣಹುಲ್ಲಿನ ಬಯಲಿನಲ್ಲಿ ನಿಂತ ಸುಮಾರು 300 ಕಾರುಗಳು ಉರಿದದ್ದನ್ನು ಬೆಂಗಳೂರಿಗರು ಮರೆತಿಲ್ಲ. ತಾತ್ಕಾಲಿಕ ಮಂಟಪಗಳ ಅಗ್ನಿ ಸುರಕ್ಷತೆಗೆ ಐಎಸ್ 8758 ಎಂಬ ರಾಷ್ಟ್ರೀಯ ಮಾನದಂಡವಿದೆ; ಮಹಾರಾಷ್ಟ್ರದಲ್ಲಿ 2006ರ ಅಗ್ನಿ ಸುರಕ್ಷತಾ ಕಾಯಿದೆಯೂ ಇದೆ. ಅಗ್ನಿಶಾಮಕ ದಳದ ನಿರಾಕ್ಷೇಪಣಾ ಪತ್ರ ತೋರಿಸಿ ಎಂದು ಸಂಘಟಕರನ್ನು ಕೇಳುವುದು ಮಳಿಗೆದಾರನ ಹಕ್ಕು. ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಮಳಿಗೆಯ ಹಿಂದೆ ತುರುಕದಿರುವುದು, ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಎಲ್ಲವನ್ನೂ ಸಿಕ್ಕಿಸದಿರುವುದು ಅವನ ಕರ್ತವ್ಯ.

ಮಳಿಗೆಯಲ್ಲಿ ಮರಾಠಿ ಬಲ್ಲವರು ಒಬ್ಬರಾದರೂ ಬೇಕು. ಕೃಷಿ ಪ್ರದರ್ಶನಕ್ಕೆ ಬರುವ ರೈತ ಇಂಗ್ಲಿಷ್ ಕರಪತ್ರವನ್ನು ಮಡಚಿ ಜೇಬಿಗಿಟ್ಟು ಮುಂದೆ ಹೋಗುತ್ತಾನೆ. ಮರಾಠಿಯದಾದರೆ ನಿಂತು ಓದುತ್ತಾನೆ. ನಿಪ್ಪಾಣಿ, ಬೆಳಗಾವಿ ಕಡೆಯ ಎರಡು ಭಾಷೆ ಬಲ್ಲ ಹುಡುಗರು ಇದಕ್ಕೆ ತಕ್ಕವರು. ಕಲಬುರಗಿ, ಬೀದರಿನವರಿಗೆ ಸಂಭಾಜಿನಗರದ ದಖನಿ ಮಾತು ಮೊದಲೇ ಪರಿಚಿತ. ಮಾರಾಟದವರ ಜೊತೆ ಯಂತ್ರ ಓಡಿಸುವ ಆಪರೇಟರನ್ನೂ ಕರೆದೊಯ್ಯಬೇಕು. ಕಾರ್ಖಾನೆಯಿಂದ ಬಂದ ಗಿರಾಕಿ ಪ್ರಶ್ನೆ ಕೇಳುವುದು ಅವನನ್ನೇ.

ಕೇಂದ್ರ ಸರ್ಕಾರದ ಎಂಎಸ್‌ಎಂಇ ಸಚಿವಾಲಯದ ಖರೀದಿ ಮತ್ತು ಮಾರುಕಟ್ಟೆ ಬೆಂಬಲ ಯೋಜನೆಯಲ್ಲಿ ಸಣ್ಣ ಘಟಕಗಳಿಗೆ ಮಳಿಗೆ ಬಾಡಿಗೆಯ ಭಾಗ ಮರಳಿ ಸಿಗುವ ಅವಕಾಶವಿದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಹೆಚ್ಚಿನ ಪ್ರಮಾಣ.

ಮರಳಿಕೆ

ಯೋಜನೆ ಹೆಚ್ಚಾಗಿ ಸಡಿಲಗೊಳ್ಳುವುದು ಕೊನೆಯ ಸಂಜೆ. ಪ್ರದರ್ಶನ ಮುಗಿದ ಕೂಡಲೇ ಎಲ್ಲರಿಗೂ ಒಟ್ಟಿಗೇ ಕ್ರೇನು ಬೇಕು, ಲಾರಿ ಬೇಕು; ಜನರೇಟರ್ ನಿಂತು ಕತ್ತಲಾಗುತ್ತದೆ; ಕಳ್ಳತನ ಹೆಚ್ಚು ನಡೆಯುವ ಹೊತ್ತೂ ಅದೇ. ಬೆಲೆಬಾಳುವ ಮಾದರಿ, ಅಳತೆಯ ಉಪಕರಣ, ಲ್ಯಾಪ್‌ಟಾಪ್‌ಗಳನ್ನು ಮೊದಲು ಕಾರಿಗೆ ಸಾಗಿಸಿ, ಭಾರದ ಯಂತ್ರವನ್ನು ಮರುದಿನ ಬೆಳಕಿನಲ್ಲಿ ಎತ್ತುವುದು ಒಳಿತು. ಅದಕ್ಕಾಗಿ ಒಂದು ದಿನದ ಹೆಚ್ಚುವರಿ ಕಾವಲಿಗೆ ಕೊಡುವ ಹಣ ದಂಡವಲ್ಲ. ಹೋಗುವಾಗ ಪ್ರತಿ ಪೆಟ್ಟಿಗೆಗೆ ಸಂಖ್ಯೆ ಬರೆದು, ಒಳಗಿನ ವಸ್ತುಗಳ ಪಟ್ಟಿ ಅಂಟಿಸಿ, ಫೋಟೊ ತೆಗೆದಿಟ್ಟಿದ್ದರೆ ಮರಳಿ ತುಂಬುವುದು ಸಲೀಸು.

ಮರಳುವ ಸರಕಿಗೆ ಹೊಸ ಚಲನ್, ಹೊಸ ಇ-ವೇ ಬಿಲ್ ಬೇಕು, ಬಂದಾಗಿನದು ನಡೆಯುವುದಿಲ್ಲ. ಮಾದರಿಯೊಂದನ್ನು ಗಿರಾಕಿಗೆ ಕೊಟ್ಟು ಬಂದಿದ್ದರೆ ಹೋದ ಪಟ್ಟಿಗೂ ಬಂದ ಪಟ್ಟಿಗೂ ಇರುವ ಆ ವ್ಯತ್ಯಾಸಕ್ಕೆ ಕಾಗದ ಇರಲೇಬೇಕು. ಲಾರಿ ಕಾರ್ಖಾನೆಗೆ ಬಂದಾಗ ಸಹಿ ಹಾಕುವ ಮೊದಲು ಪೆಟ್ಟಿಗೆಗಳನ್ನು ಎಣಿಸಿ, ಒಡೆದಿದ್ದರೆ ಬಿಲ್ಟಿಯ ಮೇಲೆಯೇ ಬರೆದು ಚಾಲಕನ ಸಹಿ ಪಡೆಯಿರಿ. ಆ ಒಂದು ಸಾಲು ಇಲ್ಲದಿದ್ದರೆ ವಿಮೆಯ ಹಣ ಪಡೆಯುವುದು ಕಷ್ಟ.